ಏಳನೆಯ ಸಾಲಿನ ಎಲೆಕ್ಟ್ರಿಕಲ್

ಹೊಲದ ಪಹಣಿ ಉತಾರ ತೆಗೆಸುವ ಕೆಲಸಕ್ಕೆಂದು ಹೋದ ವಾರ ಹಾವೇರಿಗೆ ಹೋಗಿದ್ದೆ. ಜಿಟಿಜಿಟಿ ಮಳೆ. ಕಚೇರಿಯ ಎದುರಿನ ಝೆರಾಕ್ಸ್ ಅಂಗಡಿಯಲ್ಲಿ ನಿಂತಾಗ, ಯಂತ್ರದಿಂದ ಆಗಷ್ಟೇ ಹೊರಬಿದ್ದ ಬಿಸಿ ಕಾಗದದ ವಾಸನೆ ಮೂಗಿಗೆ ಬಡಿಯಿತು. ಪಕ್ಕದಲ್ಲಿ ಒಬ್ಬ ಅಪ್ಪ ಪ್ಲಾಸ್ಟಿಕ್ ಫೈಲನ್ನು ಅಂಗಿಯೊಳಗೆ ತೂರಿಸಿ, ಹೊಟ್ಟೆ ಹಿಡಿದುಕೊಂಡವನ ಹಾಗೆ ನಿಂತಿದ್ದ. ಮಗ ಮೊಬೈಲ್ ನೋಡುತ್ತ ಸರ್ವರ್ ಬಂದಿಲ್ಲ ಎಂದು ಹೇಳುತ್ತಲೇ ಇದ್ದ. ಏನು ಕೆಲಸವೆಂದು ನಾನು ಕೇಳಲಿಲ್ಲ. ಇಂಜಿನಿಯರಿಂಗ್ ಸೀಟಿನ ಹಂಗಾಮು ಇದು. ಕೆಲವು ಮಳೆಗಾಲದ ಹಿಂದೆ ನಾನೂ ಇದೇ ಗೋಡೆಗೆ ಒರಗಿ ನಿಂತಿದ್ದೆ. ಆ ವರ್ಷದ ದಣಿವು ಕಾಲಿನಿಂದ ಇನ್ನೂ ಪೂರ್ತಿ ಇಳಿದಿಲ್ಲ.

ನನ್ನದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರ. ಬೇರೆಯವರ ಅಂಗಡಿಯಲ್ಲಿ ಚೀಲದ ಬಾಯಿ ಹೊಲಿಯುತ್ತ ಶುರುಮಾಡಿದವನು ಇವತ್ತು ಸ್ವಂತ ಬೋರ್ಡು ಹಾಕಿಕೊಂಡಿದ್ದೇನೆ. ಓದು ಎಸ್ಸೆಸ್ಸೆಲ್ಸಿಗೆ ನಿಂತಿತು. ಉಳಿದದ್ದೆಲ್ಲ ಮಾತಿನಿಂದ ಬಂದದ್ದು. ಹೀಗಾಗಿ ನೆಂಟರಿಷ್ಟರಲ್ಲಿ ಎಲ್ಲಿ ಮಾತುಕತೆ ಇದ್ದರೂ, ಹೆಣ್ಣು ನೋಡುವುದಿರಲಿ ಟ್ರ್ಯಾಕ್ಟರ್ ಕೊಳ್ಳುವುದಿರಲಿ, ನನ್ನನ್ನು ಮುಂದೆ ಕೂರಿಸುತ್ತಾರೆ. ಕರೆಯದಿದ್ದರೂ ನಾನು ಹೋಗುತ್ತೇನೆ, ಅದು ಬೇರೆ ಮಾತು.

ಆ ವರ್ಷ ಕರೆದದ್ದು ನನ್ನ ತಂಗಿಯ ಗಂಡ ಬಸವಣ್ಣೆಪ್ಪ. ಮನೆ ದೇವರಗುಡ್ಡದಲ್ಲಿ, ಬೀಜದ ಅಂಗಡಿ ರಾಣೆಬೆನ್ನೂರಿನಲ್ಲಿ. ದಿನಾ ಬಸ್ಸಿನಲ್ಲಿ ಓಡಾಡುವ ಸಾಧು ಮನುಷ್ಯ. ಒಬ್ಬಳೇ ಮಗಳು, ಭಾಗ್ಯಶ್ರೀ. ನಾವು ಭಾಗಿ ಎನ್ನುತ್ತೇವೆ. ಸಿಇಟಿಯಲ್ಲಿ ಅವಳಿಗೆ ಒಳ್ಳೆಯದು ಎನ್ನಬಹುದಾದ ರ‍್ಯಾಂಕ್ ಬಂದಿತ್ತು. ಎದೆ ಉಬ್ಬಿಸುವಷ್ಟಲ್ಲ, ತಲೆ ತಗ್ಗಿಸುವಷ್ಟೂ ಅಲ್ಲ. ಅಂಥ ನಡುವಿನ ಮಾಲು ಮಾರುವುದೇ ಕಷ್ಟ ಎಂದು ನನಗೆ ಗೊತ್ತಿತ್ತು.

ಹುಡುಗಿಗೆ ಬೇಕಾದದ್ದು ಎಲೆಕ್ಟ್ರಿಕಲ್. ಅದೂ ಹುಬ್ಬಳ್ಳಿಯ ಒಂದು ಹಳೆಯ ಕಾಲೇಜಿನಲ್ಲಿ. ಯಾಕೆಂದು ಕೇಳಿದ್ದಕ್ಕೆ, ಅಪ್ಪನ ಅಂಗಡಿಯ ಪಕ್ಕದ ಮೋಟರ್ ರಿವೈಂಡಿಂಗ್ ಅಂಗಡಿಯ ವಿಷಯ ಹೇಳಿದಳು. ಸಣ್ಣವಳಿದ್ದಾಗಿನಿಂದ ಬಸ್ಸು ಬರುವವರೆಗೆ ಅಲ್ಲೇ ಸ್ಟೂಲಿನ ಮೇಲೆ ಕೂರುತ್ತಿದ್ದಳಂತೆ. ಸುಟ್ಟು ಬಂದ ಪಂಪ್‌ಸೆಟ್ಟಿನ ಮೋಟರಿಗೆ ಹೊಸ ತಂತಿ ಸುತ್ತಿದ ಮೇಲೆ ಅದು ತಿರುಗುವುದು ಯಾಕೆ, ತಿರುಗದಿರುವುದು ಯಾಕೆ ಎಂದು ಅಲ್ಲಿ ಯಾರನ್ನು ಕೇಳಿದರೂ ‘ಹಂಗ ಇರತೈತಿ’ ಎನ್ನುತ್ತಿದ್ದರಂತೆ. ಆ ಉತ್ತರ ಅವಳಿಗೆ ಸಾಲದೆ ಹೋಗಿತ್ತು. ತಂಗಿಗೆ ಕಂಪ್ಯೂಟರ್ ಆಗಬೇಕಿತ್ತು. ನಾನು ಹುಡುಗಿಯ ಪಕ್ಷ ವಹಿಸಿದೆ. ಬೇಡವಾದದ್ದನ್ನು ಅಗ್ಗಕ್ಕೆ ಕೊಳ್ಳುವುದೂ ನಷ್ಟವೇ ಎಂದು ತಂಗಿಗೆ ತಿಳಿಹೇಳಿದೆ. ಇದನ್ನು ಇವತ್ತಿಗೂ ಎಲ್ಲ ಅಪ್ಪ ಅಮ್ಮಂದಿರಿಗೂ ಹೇಳುತ್ತೇನೆ.

ಮೊದಲು ಕಾಗದಪತ್ರ. ಇಲ್ಲಿ ಒಂದು ಬುದ್ಧಿಮಾತು ಹೇಳಲೇಬೇಕು. ಜಾತಿ ಆದಾಯದ ಪ್ರಮಾಣಪತ್ರ, ಕನ್ನಡ ಮಾಧ್ಯಮದ್ದು, ಹಳ್ಳಿ ಶಾಲೆಯಲ್ಲಿ ಓದಿದ್ದರ ದಾಖಲೆ, ಇವನ್ನೆಲ್ಲ ಪರೀಕ್ಷೆಗೆ ಮೊದಲೇ ಮಾಡಿಸಿಟ್ಟುಕೊಳ್ಳಿ. ನಾವು ಇಟ್ಟುಕೊಂಡಿರಲಿಲ್ಲ. ಭಾಗಿ ಹತ್ತನೆಯ ತರಗತಿಯವರೆಗೆ ಓದಿದ್ದು ದೇವರಗುಡ್ಡದಲ್ಲಿ. ಅದಕ್ಕೆ ಹೆಡ್ ಮಾಸ್ತರರ ಸಹಿ, ಅದರ ಮೇಲೆ ಶಿಕ್ಷಣ ಇಲಾಖೆಯ ಸಾಹೇಬರ ಸಹಿ. ಹೆಡ್ ಮಾಸ್ತರರು ಸಿಕ್ಕ ದಿನ ಸಾಹೇಬರು ಮೀಟಿಂಗಿನಲ್ಲಿ, ಸಾಹೇಬರು ಸಿಕ್ಕ ದಿನ ಕರೆಂಟು ಇಲ್ಲ. ಒಂದು ಕಾಗದದಲ್ಲಿ ಅವಳ ಹೆಸರಿನ ಮುಂದಿದ್ದ ಅಪ್ಪನ ಹೆಸರು ಇನ್ನೊಂದರಲ್ಲಿ ಹಿಂದೆ ಹೋಗಿತ್ತು. ದೇವರಗುಡ್ಡ, ರಾಣೆಬೆನ್ನೂರು, ಹಾವೇರಿ ಎಂದು ಆ ತಿಂಗಳು ನಾನು ಬಸ್ಸಿನ ಕಿಟಕಿಗೆ ತಲೆ ಆನಿಸಿ ನಿದ್ದೆ ಮಾಡಿದ್ದೇ ಹೆಚ್ಚು. ಬ್ಯಾಡಗಿಯಲ್ಲಿ ಅಂಗಡಿ ನೋಡಿಕೊಳ್ಳಲು ಪಕ್ಕದ ಅಂಗಡಿಯ ರುದ್ರಪ್ಪನಿಗೆ ಹೇಳಿದ್ದೆ. ಅವನು ಗಿರಾಕಿಗಳಿಗೆಲ್ಲ ನಾನು ಇಂಜಿನಿಯರಿಂಗ್ ಓದಲು ಹೋಗಿದ್ದೇನೆಂದು ಹೇಳುತ್ತಿದ್ದನಂತೆ.

ನಡುವೆ ಫೋನುಗಳು. ರ‍್ಯಾಂಕ್ ಬಂದ ಮನೆಗಳ ನಂಬರು ಈ ದಲ್ಲಾಳಿಗಳಿಗೆ ಎಲ್ಲಿ ಸಿಗುತ್ತವೋ ದೇವರಿಗೇ ಗೊತ್ತು. ನಮ್ಮ ಕಾಲೇಜಿನಲ್ಲಿ ಸೀಟು ಮುಗಿಯುತ್ತ ಬಂದಿದೆ, ಇವತ್ತೇ ಹಿಡಿದುಕೊಳ್ಳಿ ಎಂದು ಒಬ್ಬ ದಿನಾ ಫೋನು ಮಾಡುತ್ತಿದ್ದ. ಕೊಳ್ಳುವ ಮನಸ್ಸು ನನಗೆ ಒಂದಿಷ್ಟೂ ಇರಲಿಲ್ಲ. ಆದರೂ ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಕೂತು ಅವನ ರೇಟು ಇಳಿಸಿ, ಮತ್ತೂ ಇಳಿಸಿ, ಕೊನೆಗೆ ಹಾಸ್ಟೆಲ್ ಊಟವನ್ನೂ ಅದರಲ್ಲೇ ಸೇರಿಸುವಂತೆ ಮಾಡಿ, ಮನೆಯಲ್ಲಿ ಕೇಳಿ ಹೇಳುತ್ತೇನೆಂದು ಫೋನು ಇಟ್ಟುಬಿಟ್ಟೆ. ಆ ಹಂಗಾಮಿನಲ್ಲಿ ನನಗೆ ಸಿಕ್ಕ ಸುಖ ಅದೊಂದೇ.

ಆಮೇಲೆ ಬಂತು ಆಯ್ಕೆಗಳನ್ನು ತುಂಬುವ ಕೆಲಸ. ಯಾವ ಕಾಲೇಜು, ಯಾವ ವಿಭಾಗ ಎನ್ನುವುದನ್ನು ಒಂದರ ಕೆಳಗೊಂದು ಕಂಪ್ಯೂಟರಿನಲ್ಲಿ ಬರೆಯಬೇಕು. ರ‍್ಯಾಂಕ್ ನೋಡಿ ಸರ್ಕಾರ ಅದರೊಳಗಿಂದ ಒಂದನ್ನು ಕೊಡುತ್ತದೆ. ಬಸವಣ್ಣೆಪ್ಪ, ಮಾತುಕತೆಯ ವಿಷಯ ನಿಮಗೇ ಬಿಟ್ಟದ್ದು ಎಂದು ಮೊದಲೇ ನನ್ನ ಮೊಬೈಲ್ ನಂಬರನ್ನೇ ಅರ್ಜಿಗೆ ಕೊಟ್ಟಿದ್ದ. ಹೀಗಾಗಿ ಒಳಗೆ ಹೋಗಲು ಬೇಕಾದ ಒಟಿಪಿ ನನ್ನ ಫೋನಿಗೇ ಬರುತ್ತಿತ್ತು. ನಾನು ಓದಿ ಹೇಳಿದರೆ ಬಾಗಿಲು ತೆರೆಯುತ್ತದೆ, ಇಲ್ಲವಾದರೆ ಇಲ್ಲ.

ಬ್ಯಾಡಗಿಯಲ್ಲಿ ನಾವು ಹೇಗೆ ಕೊಳ್ಳುತ್ತೇವೆ ಎನ್ನುವುದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಟೆಂಡರಿನ ದಿನ, ಅಂದರೆ ಹರಾಜಿನ ದಿನ, ಬೆಳಿಗ್ಗೆ ಅಂಗಡಿ ಅಂಗಡಿಗೆ ಮಾರಾಟಕ್ಕಿಟ್ಟ ಕಾಯಿಯ ಲಾಟುಗಳನ್ನು ನೋಡುತ್ತ ಹೋಗುತ್ತೇವೆ. ನನಗೆ ಬೇಕಾದ ರಾಶಿಯ ಮುಂದೆ ನಾನು ನಿಲ್ಲುವುದಿಲ್ಲ. ಕಣ್ಣಂಚಿನಲ್ಲಿ ಬಣ್ಣ ನೋಡಿ ದಾಟುತ್ತೇನೆ. ನಿಲ್ಲುವುದು ಬೇಡವಾದದ್ದರ ಮುಂದೆ. ಅದರ ಕಾಯಿ ಮುರಿಯುತ್ತೇನೆ, ಬೀಜ ಉದುರಿಸುತ್ತೇನೆ, ಪಕ್ಕದವನಿಗೆ ಕೇಳುವ ಹಾಗೆ ಹೊಗಳುತ್ತೇನೆ. ಉಳಿದ ಖರೀದಿದಾರರು ಅತ್ತ ನೋಡಲಿ ಎಂದು. ಈಗ ರೇಟು ಕಂಪ್ಯೂಟರಿನಲ್ಲಿ ಹಾಕುತ್ತೇವಾದರೂ ಈ ತಿರುಗಾಟ, ಈ ನಟನೆ ಬಿಟ್ಟಿಲ್ಲ. ಮನಸ್ಸಿನಲ್ಲಿದ್ದದ್ದು ಮುಖದ ಮೇಲೆ ಬಂತೋ, ರೇಟು ಏರಿತೆಂದೇ ಲೆಕ್ಕ. ನಮ್ಮ ಓಣಿಯಲ್ಲಿ ಯಾರ ಮನೆಯ ಮಕ್ಕಳ ಸೀಟಿನ ಮಾತು ಬಂದರೂ ಎಲ್ಲರೂ ಇದನ್ನೇ ಹೇಳುತ್ತಿದ್ದರು. ಮೊದಲು ಸಿಗುವಂಥದ್ದನ್ನು ಮುಂದೆ ಇಡು, ಒಂದು ಕೈಗೆ ಬರಲಿ, ಆಮೇಲೆ ಬೇಕಾದದ್ದಕ್ಕೆ ಎಳೆಯಬಹುದು.

ರಾಣೆಬೆನ್ನೂರಿನ ಸೈಬರ್ ಅಂಗಡಿಯಲ್ಲಿ ಭಾಗಿಯ ಪಕ್ಕ ಕೂತು ನಾನು ಹಾಗೆಯೇ ಬರೆಸಿದೆ. ಮೊದಲನೆಯ ಸಾಲಿಗೆ, ಖಂಡಿತ ಸಿಗುವ ಒಂದು ಹತ್ತಿರದ ಕಾಲೇಜಿನ ಸಿವಿಲ್. ಎರಡು, ಮೂರು, ನಾಲ್ಕು ಅಂಥವೇ. ಹುಬ್ಬಳ್ಳಿಯ ಎಲೆಕ್ಟ್ರಿಕಲ್ ಏಳನೆಯ ಸಾಲಿಗೆ. ಹುಡುಗಿ ಒಮ್ಮೆ ನನ್ನ ಮುಖ ನೋಡಿದಳು. ಇದು ಖರೇನ ಹಿಂಗ ಇರತೈತೇನು ಮಾಮಾ ಎಂದಳು. ಹೂಂ ಎಂದೆ. ಅವಳು ಬರೆದಳು.

ಕೆಲವು ದಿನಗಳಲ್ಲಿ ಅಣಕು ಹಂಚಿಕೆ ಎಂದು ಒಂದು ಬಂತು. ಅದು ಖಾಯಂ ಅಲ್ಲ. ಈಗಿನ ಪಟ್ಟಿಗೆ ಏನು ಸಿಗಬಹುದು ಎಂದು ತೋರಿಸುತ್ತಾರೆ, ಬೇಕಾದವರು ಆಮೇಲೆ ಪಟ್ಟಿ ತಿದ್ದಬಹುದು. ಭಾಗಿಗೆ ಬಂದದ್ದು ಸಿವಿಲ್, ಮೊದಲನೆಯ ಸಾಲಿನದು. ನನಗೆ ಸಂತೋಷವಾಯಿತು. ಎದುರಿನವರು ಬಾಯಿ ಬಿಟ್ಟರು, ಇನ್ನು ನಾವು ಮೇಲೆ ಎಳೆಯುವುದಷ್ಟೇ ಎಂದುಕೊಂಡೆ. ಬಸವಣ್ಣೆಪ್ಪ ಪೇಢೆ ತಂದ. ಪಟ್ಟಿಗೆ ಈಗ ಕೈ ಹಚ್ಚಬೇಡಿ, ಗಡಿಬಿಡಿ ತೋರಿಸಿದಂತಾಗುತ್ತದೆ ಎಂದು ಹೇಳಿ ನಾನು ಬ್ಯಾಡಗಿಗೆ ಹೋದೆ.

ಮರುದಿನದಿಂದ ಭಾಗಿ ಫೋನು ಮಾಡತೊಡಗಿದಳು. ಸೂಚನೆಗಳನ್ನು ಪೂರ್ತಿ ಓದಿದ್ದಳಂತೆ, ತನ್ನ ಪಿಯು ಕಾಲೇಜಿನ ಲೆಕ್ಚರರನ್ನೂ ಕೇಳಿದ್ದಳಂತೆ. ಪಟ್ಟಿ ತಿದ್ದಬೇಕು, ಒಟಿಪಿ ಹೇಳ್ರಿ ಎನ್ನುತ್ತಿದ್ದಳು. ನಾನು ಮಾಲು ಇಳಿಸುತ್ತಿದ್ದೇನೆ ಎಂದೆ, ಊಟಕ್ಕೆ ಕೂತಿದ್ದೇನೆ ಎಂದೆ. ಅವರಪ್ಪನಿಗೆ ಹೇಳಿದರೆ ಅವನು ಮಾಮಾ ಹೇಳಿದಂಗ ಮಾಡು ಎಂದನಂತೆ.

ತಿದ್ದಲು ಕೊನೆಯ ದಿನ ಟೆಂಡರಿನ ದಿನವೇ ಬಂತು. ಮಳೆಗಾಲದಲ್ಲಿ ಹೊಸ ಕಾಯಿ ಇರುವುದಿಲ್ಲ. ಕೋಲ್ಡ್ ಸ್ಟೋರೇಜಿನಿಂದ ತೆಗೆದ ಚೀಲಗಳು ಬರುತ್ತವೆ, ತಣ್ಣಗೆ, ಭಾರವಾಗಿ. ಮುಟ್ಟಿದರೆ ಬೆರಳು ಮರಗಟ್ಟುತ್ತದೆ, ಉಸಿರೆಳೆದರೆ ಗಂಟಲು ಉರಿಯುತ್ತದೆ. ಹಮಾಲರು ಚೀಲಕ್ಕೆ ತಾಡಪತ್ರಿ ಮುಚ್ಚುತ್ತಿದ್ದರು. ಆಗ ಭಾಗಿ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ರಾಣೆಬೆನ್ನೂರಿನಿಂದ ರೈಲಿಗೆ ಬಂದು, ಸ್ಟೇಶನ್ನಿನಿಂದ ಮಳೆಯಲ್ಲೇ ನಡೆದಿದ್ದಳು. ಘಾಟಿಗೆ ಕೆಮ್ಮು ಹತ್ತಿ ಮಾತಾಡಲು ಸ್ವಲ್ಪ ಹೊತ್ತು ಬೇಕಾಯಿತು. ಕುಂದ್ರು ಎಂದೆ. ಕೂರಲಿಲ್ಲ.

“ನಿಮ್ಮ ಫೋನಿಗೆ ಒಂದು ನಂಬರ ಬರತೈತಿ ಮಾಮಾ. ಅದನ್ನ ಹೇಳ್ರಿ, ಹೊಳ್ಳಿ ಹೋಗ್ತೇನಿ,” ಎಂದಳು.

ಏನು ಮಾಡುತ್ತೀ ಎಂದು ಕೇಳಿದೆ. ಏಳನೆಯದನ್ನು ಒಂದಕ್ಕೆ ತರುತ್ತೇನೆ ಎಂದಳು. ನಾನು ತಾಳ್ಮೆಯಿಂದಲೇ ವಿವರಿಸಿದೆ. ಬೇಕಾದದ್ದನ್ನು ಮೊದಲೇ ಬಾಯಿಬಿಟ್ಟು ಹೇಳಿದವರಿಗೆ ಈ ಪೇಟೆಯಲ್ಲಿ ಮಾಲು ಸಿಕ್ಕದ್ದನ್ನು ನಾನು ನೋಡಿಲ್ಲ ಎಂದೆ. ಚೀಲ ಹೊಲಿಯುತ್ತಿದ್ದ ದಿನದಿಂದ ಶುರುಮಾಡಿದೆ. ಅವಳು ಸುಮ್ಮನೆ ಕೇಳಿದಳು. ನಮ್ಮ ಹುಡುಗರಂತೆ ನಡುವೆ ಬಾಯಿ ಹಾಕಲಿಲ್ಲ. ನಾನು ಮುಗಿಸಿದ ಮೇಲೆ ಕೇಳಿದಳು:

“ನೀವು ಟೆಂಡರಿನ್ಯಾಗ ಯಾರಿಗೆ ಗೊತ್ತಾಗಬಾರದಂತ ಮುಚ್ಚಿಡತೀರಿ?”

“ಎದುರಿನವರಿಗೆ.”

“ಇಲ್ಲಿ ಎದುರಿಗೆ ಯಾರದಾರ?”

ಸರ್ಕಾರ ಐತಲ್ಲ ಎಂದೆ. ಸರ್ಕಾರಕ್ಕೆ ನನಗೆ ಸಿವಿಲ್ ಕೊಟ್ಟರೆ ಏನು ಲಾಭ, ಎಲೆಕ್ಟ್ರಿಕಲ್ ಕೊಟ್ಟರೆ ಏನು ನಷ್ಟ ಎಂದು ಕೇಳಿದಳು. ಯಂತ್ರದ ಹಿಂದೆ ಮನುಷ್ಯ ಇದ್ದೇ ಇರುತ್ತಾನೆ, ನಿನಗೆ ತಿಳಿಯುವುದಿಲ್ಲ ಎಂದೆ. ಅವಳು ನೆನೆದ ಓಡಣಿಯ ತುದಿ ಹಿಂಡಿದಳು. ದನಿ ಏರಿಸಲಿಲ್ಲ.

“ಆ ಕಡೆ ಯಾರೂ ಕುಂತಿಲ್ಲ ಮಾಮಾ. ಅದು ಮ್ಯಾಲಿಂದ ಕೆಳಗ ಓದತೈತಿ. ನನ್ನ ರ‍್ಯಾಂಕಿಗೆ ಮೊದಲ ಸಿಕ್ಕಲ್ಲೇ ನಿಂತು ಬಿಡತೈತಿ. ಸಿವಿಲ್ ಸಿಕ್ಕಮ್ಯಾಲ ಏಳನೇದರ ತನಕಾ ಬರಂಗಽ ಇಲ್ಲ. ನಿಮ್ಮ ಪ್ಯಾಟ್ಯಾಗ ಮುಚ್ಚಿಟ್ರ ಉಳದ ಕೊಳ್ಳವರಿಗೆ ಗೊತ್ತಾಗಂಗಿಲ್ಲ. ಇಲ್ಲಿ ಮುಚ್ಚಿಟ್ರ ಕೊಡವರಿಗೇ ಗೊತ್ತಾಗಂಗಿಲ್ಲ.”

ಕಟ್ಟೆಯ ಆ ಬದಿಗೆ ಕೂತಿದ್ದ ರುದ್ರಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಿದ. “ಗುರಣ್ಣ, ಇವತ್ತಿನ ಟೆಂಡರ್ ಸೊಸಿಗೇ ಬಿಟ್ಟಿ ನೋಡು,” ಎಂದ. ಹಮಾಲರು ನಕ್ಕರು. ನಾನೂ ನಕ್ಕೆ. ಆದರೆ ಎದುರಿಗೆ ಯಾರೂ ಇಲ್ಲದ ವ್ಯಾಪಾರವನ್ನು ನಾನು ಹುಟ್ಟಿದಾಗಿನಿಂದ ಮಾಡಿಲ್ಲ. ಮುಖ ನೋಡಿ, ಕಣ್ಣು ನೋಡಿ, ಅವನು ಚಹಾ ಕುಡಿಯುವ ರೀತಿ ನೋಡಿ ನಾನು ರೇಟು ಹೇಳುವವನು. ಮುಖವೇ ಇಲ್ಲದವರ ಜೊತೆ ಹೇಗೆ ಜಗ್ಗಾಡುವುದು?

ಫೋನು ಗುಂಯ್ ಎಂದಿತು. ಅವಳು ತನ್ನ ಮೊಬೈಲಿನಲ್ಲಿ ಆಗಲೇ ಒತ್ತಿದ್ದಳು. ನಾನು ನಂಬರು ನೋಡುತ್ತ ಕೂತೆ. ಹೊತ್ತು ಮೀರಿ ಆ ನಂಬರು ಸತ್ತುಹೋಯಿತು. ಮತ್ತೆ ಒತ್ತಿದಳು, ಮತ್ತೊಂದು ಬಂತು. ಅವಳ ಹೆಗಲಿಂದ ನೀರು ಇಳಿದು ನೆಲದ ಕೆಂಪು ಧೂಳು ಕಲಸಿ ಕೆಸರಾಗಿತ್ತು. ನನಗೆ ಅವಳ ಮಾತು ಪೂರ್ತಿ ಒಪ್ಪಿಗೆಯಾಗಿತ್ತು ಎಂದು ಹೇಳಲಾರೆ. ಹುಡುಗಿ ದಣಿದಿದ್ದಳು, ನಾನೂ ದಣಿದಿದ್ದೆ, ಅದು ಓದಬೇಕಾದವಳು ಅವಳು. ನಂಬರು ಓದಿ ಹೇಳಿದೆ.

ಅಲ್ಲೇ ಚೀಲಕ್ಕೆ ಬೆನ್ನು ಆನಿಸಿ ನಿಂತು ಅವಳು ಪಟ್ಟಿ ತಿದ್ದಿದಳು. ಏಳು ಒಂದಕ್ಕೆ ಬಂತು. ಅದರ ಕೆಳಗೆ ದಾವಣಗೆರೆಯ ಎಲೆಕ್ಟ್ರಿಕಲ್, ಅದರ ಕೆಳಗೆ ಇನ್ನೊಂದು ಊರಿನದು. ನನ್ನ ಸಿವಿಲ್ ಎಲ್ಲಕ್ಕಿಂತ ಕೆಳಗೆ ಹೋಯಿತು. ತೆಗೆದು ಹಾಕಲಿಲ್ಲ, ಅಷ್ಟು ಮರ್ಯಾದೆ ಕೊಟ್ಟಳು. ಚಹಾ ಕುಡಿಸಿ ಸ್ಟೇಶನ್ನಿಗೆ ಕಳಿಸಿದೆ. ಆ ದಿನ ನನಗೆ ಬೇಕಾದ ಲಾಟಿನ ಮುಂದೆಯೇ ಹೋಗಿ ನಿಂತುಬಿಟ್ಟೆನಂತೆ. ರುದ್ರಪ್ಪ ಇವತ್ತಿಗೂ ಹೇಳಿ ನಗುತ್ತಾನೆ.

ಮುಂದಿನ ದಿನಗಳು ಉದ್ದವಾದವು. ಮೊದಲ ಸುತ್ತಿನ ಫಲಿತಾಂಶ ಇವತ್ತು ಎಂದರು, ನಾಳೆ ಎಂದರು. ಮೇಲೆ ಹೋದ ಎಲೆಕ್ಟ್ರಿಕಲ್ ಸಿಗದೆ, ಕೆಳಗೆ ಬಿದ್ದ ಸಿವಿಲ್ಲನ್ನೂ ಬೇರೆ ಯಾರೋ ತೆಗೆದುಕೊಂಡು ಹೋದರೆ? ಈ ಯೋಚನೆ ಚೀಲ ತೂಗುವಾಗಲೂ ಬಿಡುತ್ತಿರಲಿಲ್ಲ. ತಂಗಿ ಫೋನು ಮಾಡಿ ಅಳುತ್ತಿದ್ದಳು. ನೀ ಹೇಳಿದಂಗ ಬಿಟ್ಟಿದ್ರ ಒಂದಾರ ಕೈಯಾಗ ಇರತಿತ್ತು ಎನ್ನುತ್ತಿದ್ದಳು. ಭಾಗಿ ಮಾತ್ರ ಅಪ್ಪನ ಅಂಗಡಿಯಲ್ಲಿ ಕೂತು ರೈತರಿಗೆ ಗೋವಿನಜೋಳದ ಬೀಜದ ಪಾಕೀಟು ಎತ್ತಿ ಕೊಡುತ್ತಿದ್ದಳು.

ಒಂದು ಮಧ್ಯಾಹ್ನ ಫಲಿತಾಂಶ ಬಿಡುತ್ತಾರೆಂದು ಖಾತ್ರಿಯಾಗಿ ನಾನು ರಾಣೆಬೆನ್ನೂರಿಗೆ ಹೋದೆ. ಮಳೆ ಬಿಟ್ಟು ಬಿಸಿಲು ಚುರುಕಾಗಿತ್ತು, ರಸ್ತೆಯ ಕೆಸರು ಆರುವ ವಾಸನೆ ಎದ್ದಿತ್ತು. ಬಸವಣ್ಣೆಪ್ಪನ ಅಂಗಡಿಯಲ್ಲಿ ಬೆಳೆಯ ಔಷಧ ಒಯ್ಯಲು ಬಂದ ರೈತರೂ ಕೆಲಸ ಬಿಟ್ಟು ಕೂತಿದ್ದರು. ಅವರಲ್ಲೊಬ್ಬ ಮುದುಕ, ತಾನು ಕಾಯುತ್ತಿರುವುದು ಯಾತಕ್ಕೆಂದು ಪಕ್ಕದವನನ್ನು ಕೇಳುತ್ತಿದ್ದ. ಪುಟ ತೆರೆಯಲಿಲ್ಲ, ತೆರೆಯಲಿಲ್ಲ, ಆಮೇಲೆ ಒಮ್ಮೆಲೇ ತೆರೆಯಿತು. ಭಾಗಿ ಓದಿದಳು. ಇನ್ನೊಮ್ಮೆ ಓದಿದಳು. ಆಮೇಲೆ ಮೊಬೈಲನ್ನು ಅಪ್ಪನ ಕೈಗೆ ಕೊಟ್ಟಳು. ಬಸವಣ್ಣೆಪ್ಪ ಕನ್ನಡಕ ಹುಡುಕಿದ, ಸಿಗಲಿಲ್ಲ, ನನ್ನ ಕೈಗೆ ಕೊಟ್ಟ.

ಹುಬ್ಬಳ್ಳಿ. ಎಲೆಕ್ಟ್ರಿಕಲ್.

ಸಂತೋಷವಾಗಲಿಲ್ಲವೇ ಎಂದರೆ ಆಯಿತು. ಆದರೆ ವ್ಯಾಪಾರದವನ ಸಂತೋಷಕ್ಕೆ ಒಂದು ರೋಗ ಇರುತ್ತದೆ. ನಾವು ಕೇಳಿದ ರೇಟಿಗೆ ಎದುರಿನವನು ತಕ್ಷಣ ಹೂಂ ಎಂದರೆ ಎದೆಯಲ್ಲಿ ಚುಳ್ ಎನ್ನುತ್ತದೆ. ಕಡಿಮೆ ಕೇಳಿಬಿಟ್ಟೆವೇ, ಇನ್ನೂ ಸ್ವಲ್ಪ ಎಳೆಯಬಹುದಿತ್ತೇ ಎಂದು. ಜನ ಭಾಗಿಯ ತಲೆ ಸವರುತ್ತಿದ್ದರು, ತಂಗಿಗೆ ಫೋನು ಹೋಗಿತ್ತು, ಬಸವಣ್ಣೆಪ್ಪ ಕಣ್ಣೊರೆಸುತ್ತ ಗಿರ್ಮಿಟ್ ಮಿರ್ಚಿಗೆ ಹೇಳಿ ಕಳಿಸಿದ್ದ. ನಾನು ಮಾತ್ರ ಅದೇ ಲೆಕ್ಕ ಹಾಕುತ್ತ ಕೂತಿದ್ದೆ.

ಇನ್ನೊಂದು ಕೆಲಸ ಬಾಕಿ ಇತ್ತು. ಸೀಟು ಬಂದ ಮೇಲೆ ಏನು ಮಾಡುತ್ತೀರಿ ಎಂದು ಕೇಳುತ್ತಾರೆ. ಒಂದನೆಯದನ್ನು ಒತ್ತಿದರೆ, ಇದೇ ಸಾಕು, ಸೇರುತ್ತೇನೆ ಎಂದು ಅರ್ಥ. ಎರಡನೆಯದನ್ನು ಒತ್ತಿದರೆ, ಇದು ಕೈಯಲ್ಲಿರಲಿ, ಮುಂದಿನ ಸುತ್ತಿನಲ್ಲಿ ಇದಕ್ಕಿಂತ ಮೇಲಿನದು ಸಿಕ್ಕರೆ ಅದಕ್ಕೆ ಹೋಗುತ್ತೇನೆ ಎಂದು. ಇದನ್ನು ನಾನು ಸೂಚನೆಯಲ್ಲಿ ಸ್ವತಃ ಓದಿಕೊಂಡಿದ್ದೆ. ಮಾಲು ಕೋಲ್ಡ್ ಸ್ಟೋರೇಜಿನಲ್ಲಿಟ್ಟು ರೇಟು ಕಾಯುವ ಊರಿನವನಿಗೆ ಎರಡನೆಯದು ಹೇಳಿ ಮಾಡಿಸಿದಂತಿತ್ತು. ಕೈಯಲ್ಲಿದ್ದದ್ದು ಹೋಗುವುದಿಲ್ಲ, ಕಾಯುವುದಕ್ಕೆ ಖರ್ಚಿಲ್ಲ. ಕೆಳಗಿನ ಸಾಲಿನ ಸೀಟು ಸಿಕ್ಕವರಿಗೆ ನಾನು ಈಗಲೂ ಅದನ್ನೇ ಹೇಳುತ್ತೇನೆ.

“ಎರಡನೇದು ಒತ್ತು ಭಾಗಿ. ಹಿಡದ ಕುಂದ್ರೂಣು. ಮ್ಯಾಲಿಂದು ಬಂದ್ರ ಬರಲಿ,” ಎಂದೆ.

ಭಾಗಿ ನನ್ನನ್ನೇ ನೋಡಿದಳು. ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ಈ ಹುಡುಗಿಯೂ ತಿಂಗಳಿನಿಂದ ನಿದ್ದೆ ಮಾಡಿರಲಿಲ್ಲ ಎನ್ನುವುದು ನನಗೆ ಆಗ ಹೊಳೆಯಿತು.

“ಮ್ಯಾಲ ಏನೂ ಇಲ್ಲಲ್ಲ ಮಾಮಾ,” ಎಂದಳು. “ಇದಽ ಮೊದಲನೇದು.”

ಹೊರಗೆ ಆಟೋದವನು ಹಾರ್ನ್ ಹೊಡೆಯುತ್ತಿದ್ದ, ಮುದುಕ ಯಾವ ಊರಿಗೆ ಹೋಗತಾಳಂತ ಎಂದು ಕೇಳುತ್ತಿದ್ದ. ಯಾವ ಕಟ್ಟೆಯ ಮೇಲೆ ಕೂತಾಗಲೂ ಸಾಕು ಎನ್ನುವ ಮಾತನ್ನು ನಾನು ಮೊದಲು ಆಡಿದವನಲ್ಲ. ಎದುರಿನವನು ಆಡುವವರೆಗೆ ಕಾಯುತ್ತೇನೆ. ಅಲ್ಲಿ ಎದುರಿನವನು ಇರಲಿಲ್ಲ. ಕಾದರೆ ಕಾಯುತ್ತಲೇ ಇರಬೇಕಿತ್ತು.

“ಹಂಗಾರ ಸಾಕು ಬಿಡವಾ,” ಎಂದೆ.

ಅದನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಅವಳು ಒತ್ತಿ ಆಗಿತ್ತು.